ಸಿಂಬಿ ಬಿಟ್ಟು ಬಂದವಳು

"ಗ್ಯಾಸ್‌ಬತ್ತಿ ಹಿಂದ್ಲ ಸೀಟಿನ ಬುಡಕ ಐತಿ. ನೀನೂ ಹಿಂದಕ್ಕ ಹೋಗು, ಅಡಿಗಿ ಸಾಮಾನಿನ ಸಂಗಾಟ," ಎಂದ ಉಜ್ಜಿನಪ್ಪ, ಹುಲುಗಮ್ಮನ ಮುಖ ನೋಡದೆಯೇ.

ಹುಲುಗಮ್ಮ ಆಗಲೇ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು. ಇಟ್ಟ ಕಾಲು ತೆಗೆಯಲಿಲ್ಲ. ಕಂಕುಳಲ್ಲಿ ಬಟ್ಟೆಯ ಗಂಟು, ಕೈಯಲ್ಲಿ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ. ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹೊರಗೆ ಡಿಸೆಂಬರಿನ ಚಳಿಗೆ ಕಿವಿ ಮುಚ್ಚುವಂತೆ ಟವೆಲು ಸುತ್ತಿಕೊಂಡ ಗಂಡಸರು, ಸೆರಗು ಹೊದ್ದ ಹೆಂಗಸರು ಬಸ್ಸು ಹತ್ತಲು ನೂಕಾಡುತ್ತಿದ್ದರು. ಅವಳು ಅಲ್ಲಾಡದ್ದರಿಂದ ಹಿಂದಿದ್ದವರೆಲ್ಲ ತಡೆದು ನಿಲ್ಲಬೇಕಾಯಿತು.

"ನಾನು ಬತ್ತಿ ಹೊರಾಕ ಬಂದಿಲ್ರಿ ಸಾವ್ಕಾರ್ರ. ಸೀಟಿಗೆ ಬಂದೀನಿ."

"ಯಾವ ಸೀಟು?"

"ನಮ್ಮ ಗಾಳೆಪ್ಪ ಹಿಡಿಸ್ಯಾನಲ್ರಿ, ಅದು."

"ಅದು ಗಾಳೆಪ್ಪನ ಸೀಟು. ಎಲ್ಲಿ ಅವ?"

"ಅವ ಬರಂಗಿಲ್ರಿ. ರೊಕ್ಕ ಅವಂದು, ಸೀಟು ನಂದು."

ಉಜ್ಜಿನಪ್ಪ ತಲೆ ಕೆರೆದುಕೊಂಡ. ತಪ್ಪು ಅವನದೆನ್ನಬೇಕೋ ಇಡೀ ಕೊಟ್ಟೂರಿನದೆನ್ನಬೇಕೋ ಹೇಳುವುದು ಕಷ್ಟ. ಗಾಳೆಪ್ಪ ಅಂಗಡಿಗೆ ಬಂದು ರೊಕ್ಕ ಕೊಟ್ಟು, "ನಮ್ಮವ್ವ ಬರ್ತಾಳ್ರಿ" ಎಂದಿದ್ದ. ಮಗ ನೋಡಲು ಬರುತ್ತಾನೆ, ತಾಯಿ ಬತ್ತಿ ಹೊರಲು ಬರುತ್ತಾಳೆ ಎಂದು ಉಜ್ಜಿನಪ್ಪ ತಿಳಿದುಕೊಂಡ. ಹುಲುಗಮ್ಮ ಬರುತ್ತಾಳೆ ಅಂದರೆ ಬತ್ತಿ ಹೊರಲು ಬರುತ್ತಾಳೆ ಎಂದೇ ಆ ಊರಿನಲ್ಲಿ ಅರ್ಥ. ಅದಕ್ಕೆ ಬೇರೆ ಅರ್ಥವೂ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಉಜ್ಜಿನಪ್ಪ ಮಂಗಳೂರು ಹೆಂಚಿನ ವ್ಯಾಪಾರಿ. ಹಿಂದಿನ ವರ್ಷ ಇದೇ ದಿನಗಳಲ್ಲಿ ಹೆಂಚು ತರಲೆಂದು ಮಂಗಳೂರಿಗೆ ಹೋದವನು ಹೆಂಚಿಗಿಂತ ಹೆಚ್ಚಾಗಿ ಸುದ್ದಿಯನ್ನೇ ಹೊತ್ತು ತಂದಿದ್ದ. ಕ್ರಿಸ್‌ಮಸ್ ಹಬ್ಬಕ್ಕೆ ಆ ಊರಿನ ತುಂಬ ದೀಪ ಹಾಕುತ್ತಾರೆ, ಇಗರ್ಜಿಯ ಗೋಪುರ ತುದಿಯವರೆಗೆ ಉರಿಯುತ್ತದೆ, ಮನೆಮನೆಯ ಮುಂದೆ ಮರದಷ್ಟು ಎತ್ತರದಲ್ಲಿ ಕಾಗದದ ನಕ್ಷತ್ರ ತೂಗುತ್ತದೆ ಎಂದು ಕಂಡಕಂಡವರಿಗೆಲ್ಲ ಹೇಳಿ, ಈ ವರ್ಷ ಒಂದು ಬಸ್ಸನ್ನೇ ಗೊತ್ತು ಮಾಡಿದ್ದ. ಮೊದಲು ಧರ್ಮಸ್ಥಳ, ಆಮೇಲೆ ಮಂಗಳೂರಿನ ದೀಪ, ಬರುವಾಗ ಉಡುಪಿ. ಹೀಗೆ ನಡುವಿಗೆ ದೀಪ ಇಟ್ಟು ಆಚೆಗೊಂದು ಈಚೆಗೊಂದು ದೇವರನ್ನು ಇಟ್ಟದ್ದರಿಂದ ಮುದುಕಿಯರೂ ಒಪ್ಪಿದ್ದರು.

ಹುಲುಗಮ್ಮನಿಗೆ ಈ ಸುದ್ದಿ ಮುಟ್ಟಿಸಿದವನು ಮಗ ಗಾಳೆಪ್ಪ. ಅವನು ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್. ತಾಯಿ ದೀಪವನ್ನು ತಲೆ ಮೇಲೆ ಇಟ್ಟಳು, ಮಗ ಕಂಬದ ಮೇಲೆ ಇಟ್ಟ ಎಂದು ಕೇರಿಯವರು ನಗೆಯಾಡುತ್ತಿದ್ದರು. ಉಜ್ಜಿನಪ್ಪನ ಅಂಗಡಿಗೆ ತಂತಿ ಎಳೆಯಲು ಹೋಗಿ ಕೇಳಿ ಬಂದದ್ದನ್ನು ಅವನು ಊಟಕ್ಕೆ ಕುಳಿತಾಗ ಹೇಳಿದ. ಹುಲುಗಮ್ಮ ಸಾರು ಬಡಿಸುವುದನ್ನು ಮರೆತು, "ಅವೆಲ್ಲಾ ಮ್ಯಾಲೇ ಇರ್ತಾವೇನು? ಯಾರೂ ಹೊತ್ತಿರಂಗಿಲ್ಲ?" ಎಂದು ಕೇಳಿದಳು. ಯಾರೂ ಹೊತ್ತಿರುವುದಿಲ್ಲ ಎಂದು ಮಗ ಹೇಳಿದ ಮೇಲೆ, "ಹಂಗಾರ ನಾನು ಹೊಕ್ಕೀನಿ" ಎಂದಳು. ಅಲ್ಲಿಗೆ ಮುಗಿಯಿತು. ಅವಳು ಒಂದು ಸಲ ಹೊಕ್ಕೀನಿ ಅಂದರೆ ಎತ್ತು ಕಟ್ಟಿ ಎಳೆದರೂ ಹಿಂದಕ್ಕೆ ಬರುವವಳಲ್ಲ.

ಹನ್ನೆರಡರ ವಯಸ್ಸಿಗೆ ಅವಳ ತಲೆಗೆ ಪಂಪು ಹೊಡೆದು ಉರಿಸುವ ಸೀಮೆಎಣ್ಣೆಯ ಗ್ಯಾಸ್‌ಬತ್ತಿ ಏರಿತ್ತು. ಕೊಟ್ಟೂರಿನ ಯಾವ ದೊಡ್ಡವರ ಮದುವೆಯ ಮೆರವಣಿಗೆಯೇ ಇರಲಿ, ಎರಡು ಸಾಲಿನಲ್ಲಿ ಬತ್ತಿ ಹೊತ್ತು ನಡೆಯುವವರು ಕೇರಿಯವರು. ಅವರಲ್ಲಿ ಮುಂದಿನವಳು ಹುಲುಗಮ್ಮ. ಬತ್ತಿ ಹೊತ್ತವರು ಹಿಂದೆ ತಿರುಗಿ ನೋಡಬಾರದು, ಬೆಳಕು ಅಲುಗುತ್ತದೆ. ಮೇಲೆ ನೋಡುವಂತಿಲ್ಲ, ಬತ್ತಿಯೇ ಉರುಳುತ್ತದೆ. ಕತ್ತು ನೆಟ್ಟಗಿಟ್ಟು ಎದುರಿನ ಕತ್ತಲೆಯನ್ನು ನೋಡುತ್ತ ನಡೆಯಬೇಕು. ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳುವುದಿಲ್ಲ. ಬೆನ್ನ ಹಿಂದೆ ಓಲಗ, ನಗು, ಮಲ್ಲಿಗೆಯ ವಾಸನೆ. ಅದೆಲ್ಲ ಯಾರಿಗಾಗಿ ನಡೆದಿದೆಯೋ ಆ ಮದುಮಗಳ ಮುಖ ಮಾತ್ರ ಬತ್ತಿ ಹೊತ್ತವಳಿಗೆ ಕಾಣುವುದಿಲ್ಲ.

ಮೆರವಣಿಗೆ ಮನೆ ಮುಟ್ಟಿದ ಮೇಲೆ ಇನ್ನೊಂದು ಕಷ್ಟ. ಉರಿಯುವ ಬತ್ತಿಯನ್ನು ಹೊತ್ತವರೇ ಇಳಿಸಿಕೊಳ್ಳಲಾಗದು, ಎದುರಿಗೆ ಒಬ್ಬರು ನಿಂತು ಎರಡೂ ಕೈ ಕೊಟ್ಟು ಇಳಿಸಬೇಕು. ಆ ಹೊತ್ತಿಗೆ ಎಲ್ಲರಿಗೂ ಆರತಿಯ ಗಡಿಬಿಡಿ, ಊಟದ ಗಡಿಬಿಡಿ. "ಯಾರರ ಇಳಸ್ರಪ್ಪ" ಎಂದು ಬಾಗಿಲಲ್ಲಿ ನಿಂತು ಕೂಗಿದರೆ ಒಳಗಿನಿಂದ ಬರುವ ಉತ್ತರ ಯಾವಾಗಲೂ ಒಂದೇ: "ತಡೀ, ಇನ್ನೂ ಹೆಣ್ಣು ಗಂಡು ಒಳಗ ಹೋಗಿಲ್ಲ." ಹೆಣ್ಣು ಗಂಡು ಒಳಗೆ ಹೋಗಿ, ಹಾಲು ಕುಡಿದು, ಹೆಸರು ಹೇಳಿ ಮುಗಿದ ಮೇಲೂ ಎಷ್ಟೋ ಸಲ ಯಾರಿಗೂ ನೆನಪಾಗುತ್ತಿರಲಿಲ್ಲ.

ಇಷ್ಟನ್ನೂ ಅವಳು ಸಹಿಸಿದ್ದಳು, ಅದು ಅವಳ ಕಸುಬು. ಸಹಿಸಲಾಗದೆ ಉಳಿದದ್ದು ಒಂದೇ. ಮಗಳು ಸುಂಕಮ್ಮನ ಮದುವೆಗೆ, ನನ್ನ ಮಗಳೂ ಬೆಳಕಿನಲ್ಲೇ ನಡೆಯಲಿ ಎಂದು ಹಟ ಹಿಡಿದು ಹುಲುಗಮ್ಮ ಒಂದು ಬತ್ತಿಯನ್ನು ಬಾಡಿಗೆಗೆ ತಂದಿದ್ದಳು. ಹೊರಬೇಕಾದ ಮೈದುನ ಕುಡಿದು ಬೇವಿನ ಮರದ ಬುಡದಲ್ಲಿ ಬಿದ್ದಿದ್ದ. ಓಲಗದವರು ಅವಸರ ಮಾಡಿದರು. ಕಡೆಗೆ ಅವಳೇ ಸೆರಗು ಸುತ್ತಿ ಬತ್ತಿ ಏರಿಸಿಕೊಂಡು ಮುಂದೆ ನಡೆದಳು. ಕೇರಿಯೆಲ್ಲ ಸುಂಕಮ್ಮನನ್ನು ನೋಡಿತು. ಹೆತ್ತವಳು ನೋಡಲಿಲ್ಲ. ಮೊಮ್ಮಕ್ಕಳು ಓಡಾಡುವ ಕಾಲ ಬಂದರೂ ಅದು ಅವಳ ಎದೆಯಲ್ಲಿ ಜಾಲಿಮುಳ್ಳಿನ ಹಾಗೆ ಮುರಿದುಕೊಂಡೇ ಇತ್ತು. ಈಗ ಜನರೇಟರು, ಟ್ಯೂಬ್‌ಲೈಟಿನ ಗಾಡಿ ಬಂದು ಬತ್ತಿಗಳು ಮೂಲೆ ಸೇರುತ್ತಿದ್ದವು. ಒಂದೇ ಒಂದು ಸಲ ಖಾಲಿ ತಲೆಯಲ್ಲಿ ನಿಂತು ದೀಪ ನೋಡಬೇಕು ಎಂಬುದಷ್ಟೇ ಅವಳ ಆಸೆ. ಅದಕ್ಕೇ ಹೊರಡುವಾಗ, ಹೊಲಕ್ಕೆ ಹೋಗುವಾಗಲೂ ಬಿಡದ, ತಲೆಹೊರೆಯ ಕೆಳಗಿಡುವ ಬಟ್ಟೆಯ ಸಿಂಬಿಯನ್ನು ಬೇಕೆಂತಲೇ ಗೂಟಕ್ಕೆ ಸಿಕ್ಕಿಸಿ ಬಂದಿದ್ದಳು.

"ದಾರಿ ಬಿಡವಾ, ಹತ್ತಿದ್ರ ಹತ್ತು, ಇಳಿದ್ರ ಇಳಿ," ಎಂದು ಹಿಂದಿನಿಂದ ಯಾರೋ ಗದರಿದರು.

ಅವಳು ಹತ್ತಿದಳು.

ಗಾಳೆಪ್ಪನಿಗೆ ಇಟ್ಟಿದ್ದ ಸೀಟು ಒಬ್ಬ ಗಂಡಸಿನ ಪಕ್ಕದಲ್ಲಿತ್ತು. ಹೆಂಗಸಿನ ಪಕ್ಕ ಖಾಲಿ ಇದ್ದದ್ದು ಒಂದೇ, ಅದು ಅನ್ನದಾನಮ್ಮನ ಬದಿಗೆ. ಅನ್ನದಾನಮ್ಮ ಹತ್ತಿ ವ್ಯಾಪಾರದ ಮನೆಯ ಹಿರಿಯಳು, ಗಂಡನಿಲ್ಲದವಳು, ಮಾತು ಒರಟು. ಜೊತೆಗೆ ಬರಬೇಕಿದ್ದ ಸೊಸೆ ಕೊಟ್ರಮ್ಮ ತವರಿನಿಂದ ಕರೆ ಬಂತೆಂದು ಹಿಂದಿನ ದಿನವೇ ಹೋಗಿಬಿಟ್ಟಿದ್ದಳು. ಉಜ್ಜಿನಪ್ಪನಿಗೆ ಅತ್ತ ದರಿ, ಇತ್ತ ಪುಲಿ. ಅವನು ಬಾಯಿಬಿಡುವ ಮೊದಲೇ ಹುಲುಗಮ್ಮ ಹೋಗಿ ಕುಳಿತುಬಿಟ್ಟಳು. ಅನ್ನದಾನಮ್ಮ ಕಾಲ ಬಳಿ ಇದ್ದ ಟಿಫಿನ್ ಕ್ಯಾರಿಯರನ್ನು ಎತ್ತಿ ಇಬ್ಬರ ನಡುವೆ ಇಟ್ಟಳು. ಬಸ್ಸು ಹೊರಟಿತು.

ಹರಪನಹಳ್ಳಿ ದಾಟಿತು, ದಾವಣಗೆರೆ ದಾಟಿತು. ಬಸ್ಸು ಎತ್ತಿಹಾಕಿದಾಗೆಲ್ಲ ಹುಲುಗಮ್ಮನ ಬಲಗೈ ತಟ್ಟನೆ ನೆತ್ತಿಗೆ ಹೋಗುತ್ತಿತ್ತು. ಘಟ್ಟದ ತಿರುವುಗಳಲ್ಲಂತೂ ಕೈ ಇಳಿಯಲೇ ಇಲ್ಲ. ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದ ಅನ್ನದಾನಮ್ಮ ಕಡೆಗೆ ತಡೆಯಲಾರದೆ ಕೇಳಿದಳು.

"ತಲಿ ನೋಯಾಕತ್ತೈತೇನು ಹುಲುಗಿ?"

"ಇಲ್ರಿ ಅಮ್ಮಾರ. ಬಸ್ಸು ಕುಣಿದ್ರ ಕೈ ತಾನ ಹೊಕ್ಕೈತಿ. ಬತ್ತಿ ಬಿದ್ದೀತಂತ."

ಅನ್ನದಾನಮ್ಮ ಅವಳ ಬರಿದಾದ ತಲೆಯನ್ನು ನೋಡಿದಳು. ನಗು ಬಂದರೂ ನಗಲಿಲ್ಲ.

"ನನ್ನ ಮದುವ್ಯಾಗ ಹೊತ್ತಿದ್ಯೇನು?"

"ಹೊತ್ತಿದ್ನಿರಿ. ಅದ ಮೊದಲ್ನೇದು ನಂದು. ಸಿಂಬಿ ದೊಡ್ಡದಾಗಿ ಕಣ್ಣಿನ ಮ್ಯಾಲೇ ಜಾರ್ತಿತ್ತು."

"ಹೆಂಗಿತ್ತು ಮೆರವಣಿಗಿ?"

"ನಾನೇನು ನೋಡೀನ್ರಿ? ಮುಂದ ಇದ್ದೆ. ನಿಮ್ಮ ಮಾರಿ ಹಿಂದ ಇತ್ತು. ನೀವ ಹೇಳಬೇಕು."

ಅನ್ನದಾನಮ್ಮ ಜಾರಿದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ನಾನೂ ನೋಡಿಲ್ಲ," ಎಂದಳು. "ತಲಿ ಎತ್ತಿದ್ರ ಅತ್ತಿ ಚೂಟತಿದ್ಲು. ಬಾಸಿಂಗ ಬ್ಯಾರೆ ಕಣ್ಣಿಗೆ ಅಡ್ಡ. ಇಡೀ ದಾರಿ ನನ್ನ ಕಾಲ ಬೆರಳು ನೋಡಿಕೋತ ಹೋದೆ. ಊರ ಮಂದಿ ಇವತ್ತಿಗೂ ಅಂತಾರ, ಅಂಥ ಮೆರವಣಿಗಿ ಕಂಡಿಲ್ಲ ಅಂತ."

"ಊರ ಮಂದಿ ಕಂಡಾರ್ರಿ."

"ಹೂಂ. ಮಂದಿ ಕಂಡಾರ."

ಧರ್ಮಸ್ಥಳದಲ್ಲಿ ದರ್ಶನ ಮುಗಿಸಿ ಮರುದಿನ ಹೊರಟಾಗ ಕ್ಯಾರಿಯರು ನಡುವೆಯೇ ಇತ್ತು. ಆದರೆ ಅದರ ಮೇಲಿನ ಡಬ್ಬಿ ತೆಗೆದು ಅನ್ನದಾನಮ್ಮ ಒಂದು ಕರ್ಚಿಕಾಯಿಯನ್ನು ಎಲೆಯ ಮೇಲಿಟ್ಟು ಈಚೆಗೆ ತಳ್ಳಿದಳು. ಹುಲುಗಮ್ಮ ತಿಂದಳು.

ಮಂಗಳೂರಿನಲ್ಲಿ ಛತ್ರವೊಂದರಲ್ಲಿ ಇಳಿದುಕೊಂಡರು. ಸಂಜೆ ಉಜ್ಜಿನಪ್ಪ ಎಲ್ಲರನ್ನೂ ಮೊದಲು ಸಮುದ್ರಕ್ಕೆ ಕರೆದೊಯ್ದ. ಸಮುದ್ರ ಹುಲುಗಮ್ಮನಿಗೆ ಸುಲಭವಾಯಿತು, ನೆಟ್ಟಗೆ ಎದುರಿಗಿತ್ತು. ಉಳಿದವರು ಕಾಲು ತೊಯಿಸಿಕೊಂಡು ಕಿರಿಚುತ್ತಿದ್ದಾಗ ಅವಳು ಪಡುವಣದ ಬೆಳಕು ಆರುವುದನ್ನೇ ಕಾಯುತ್ತಿದ್ದಳು. ಕತ್ತಲಾಗದೆ ದೀಪ ಹಚ್ಚುವುದಿಲ್ಲವಲ್ಲ.

ಕತ್ತಲಾಯಿತು. ಪೇಟೆ ಬೀದಿಯಲ್ಲಿ ಅಂಗಡಿಗಳ ಮುಂದೆ ಬಣ್ಣದ ಬಲ್ಬುಗಳು ಕಣ್ಣು ಮಿಟುಕಿಸುತ್ತಿದ್ದವು. ಹುಲುಗಮ್ಮ ನೋಡುತ್ತ ನಡೆದಳಾದರೂ ಅವಳ ಮನಸ್ಸೆಲ್ಲ ಗುಡ್ಡದ ಮೇಲಿನ ದೊಡ್ಡ ಇಗರ್ಜಿಯ ಕಡೆಗೇ ಇತ್ತು. ಉಜ್ಜಿನಪ್ಪ ಮುಂದೆ, ಹಿಂದೆ ನಲವತ್ತು ಮಂದಿ, ಎಲ್ಲರ ಹಿಂದೆ ಅಡಿಗೆಯ ಓಬಳೇಶಪ್ಪ. ಊರು ಹೊಸದು, ಇರಲಿ ಎಂದು ಉಜ್ಜಿನಪ್ಪ ಅವನ ಕೈಗೆ ಗ್ಯಾಸ್‌ಬತ್ತಿಯನ್ನು ಕೊಟ್ಟು ಕರೆತಂದಿದ್ದ. ಇಗರ್ಜಿಗೆ ಏರುವ ಓಣಿಗೆ ತಿರುಗಿದರು. ಎರಡೂ ಬದಿಗೆ ಕೆಂಪು ಕಲ್ಲಿನ ಗೋಡೆ, ಗೋಡೆಯಾಚೆ ಹೆಂಚಿನ ಮನೆಗಳು, ತೆಂಗಿನ ಮರಗಳ ನಡುವೆ ಕೆಂಪು, ಹಳದಿ ನಕ್ಷತ್ರಗಳು ಹೊಳೆಯುತ್ತಿರುವುದು ಓಣಿಯ ತುದಿಗೆ ಕಂಡಿತು. ಕಂಡಿತು ಎನ್ನುವಷ್ಟರಲ್ಲಿ ಕರೆಂಟು ಹೋಯಿತು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಓಣಿ ಬಾವಿಯ ಹಾಗಾಯಿತು. ಪಕ್ಕದಲ್ಲಿ ಚರಂಡಿ ಇದೆಯೆಂದು ಯಾರೋ ಕೂಗಿದರು, ಇನ್ಯಾರೋ ಅದರೊಳಗೆ ಕಾಲಿಟ್ಟೇ ಬಿಟ್ಟರು. ಓಬಳೇಶಪ್ಪ ಕುಳಿತು ಪಂಪು ಹೊಡೆದು ಬತ್ತಿ ಹಚ್ಚಿದ. ಬುಸ್ಸೆಂದು ಬೆಳಕು ಬಂದಾಗ ಎಲ್ಲರ ಮುಖಗಳೂ ಒಂದೇ ಕಡೆಗೆ ತಿರುಗಿದ್ದವು.

"ಹುಲುಗಿ, ಬಾ. ತಲಿಮ್ಯಾಲೆ ಇಟ್ಕೋ," ಎಂದ ಉಜ್ಜಿನಪ್ಪ. ಅವನ ದನಿಯಲ್ಲಿ ಅಧಿಕಾರವಿರಲಿಲ್ಲ. ನೀರು ಕೊಡು ಎಂದು ಸೊಸೆಗೆ ಅಂದಷ್ಟೇ ಸಹಜವಾಗಿ ಅಂದಿದ್ದ.

ಹುಲುಗಮ್ಮನಿಗೆ ಬತ್ತಿಯ ಬುಸುಗುಡುವ ಸದ್ದು ಕೇಳುತ್ತಲೇ ಕತ್ತು ತಾನಾಗಿ ನೆಟ್ಟಗಾಯಿತು. ಪಾದಗಳು ಅಗಲಕ್ಕೆ ಸರಿದು ಊರಿದವು. ಮೈಗೆ ಅದೊಂದೇ ಗೊತ್ತು. ಸಿಟ್ಟು ಬಂದದ್ದು ಉಜ್ಜಿನಪ್ಪನ ಮೇಲಲ್ಲ, ತನ್ನ ಮೈಯ ಮೇಲೆ. ಅವಳು ಗೋಡೆಯ ಬದಿಯ ತಗ್ಗು ಕಟ್ಟೆಗೆ ಹೋಗಿ ಕುಳಿತುಬಿಟ್ಟಳು.

"ನಾನು ಹೊರಂಗಿಲ್ರಿ."

"ಅಂದ್ರ?"

"ಈ ಊರಿಗೆ ಬೆಳಕು ಹೊರಾಕ ಬಂದಿಲ್ಲ ನಾನು. ನೋಡಾಕ ಬಂದೀನಿ."

"ಹೊತಗೊಂಡ ನೋಡು. ಬ್ಯಾಡ ಅಂದವ್ರು ಯಾರು?" ಎಂದ ಒಬ್ಬ.

"ಹೊತ್ತವರಿಗೆ ಕಾಣಂಗಿಲ್ಲಪ್ಪ. ಹೊತ್ತಿದ್ರ ನಿಂಗ ಗೊತ್ತಾಕ್ಕಿತ್ತು."

"ಮಗಗ ನೌಕರಿ ಆಗೈತಲ್ಲ, ಸೊಕ್ಕು," ಎಂದು ಕತ್ತಲೆಯಿಂದ ಹೆಂಗಸಿನ ದನಿಯೊಂದು ಬಂತು.

ಉಜ್ಜಿನಪ್ಪ ಹತ್ತಿರ ಬಂದ. "ಓಬಳೇಶಪ್ಪನ ಕೈಯಾಗ ಇದ್ರ ನಾಕು ಮಂದಿಗೆ ಕಾಣ್ತೈತಿ. ನಿನ್ನ ತಲಿಮ್ಯಾಲೆ ಇದ್ರ ನಲವತ್ತು ಮಂದಿಗೂ ಕಾಣ್ತೈತಿ. ಮುದುಕ್ಯಾರು ಅದಾರ, ಬಿದ್ದುಗಿದ್ದು ಕೈಕಾಲು ಮುರಕೊಂಡ್ರ ನಾ ಏನು ಮಾಡ್ಲಿ? ಈಟು ದಾರಿ ಅಷ್ಟ. ಏಳವಾ."

ಈ ಮಾತು ಅವಳಿಗೆ ತಾಗಿತು. ಬೇರೆಯವರು ಬೀಳಲಿ ಎಂದು ಬಯಸುವವಳಲ್ಲ ಅವಳು. ಆದರೆ ಇವತ್ತು ಎದ್ದರೆ ಇನ್ನು ಸಾಯುವತನಕ ಎದ್ದಹಾಗೇ ಎಂದು ಅವಳಿಗೆ ಖಚಿತವಾಗಿ ಗೊತ್ತಿತ್ತು.

"ಮಗಳ ಮದುವ್ಯಾಗೂ ಇದನ್ನ ಅಂದ್ರು," ಎಂದಳು. "ಈಟು ದಾರಿ ಅಂತ. ಹೊತ್ತೆ. ನನ್ನ ಸುಂಕಿ ಹೆಂಗ ಕಾಣ್ತಿದ್ಲು ಅಂತ ಮಂದೀನ ಕೇಳಿ ತಿಳಕೊಂಡೆ. ಸಾಕ್ರಿ ಯಪ್ಪಾ. ನೀವು ಹೋಗ್ರಿ. ನಾನು ಇಲ್ಲೇ ಕುಂತಿರ್ತೀನಿ. ಕರೆಂಟು ಇವತ್ತರ ಬರಲಿ, ನಾಳಿಗರ ಬರಲಿ, ನೋಡೇ ಬರ್ತೀನಿ."

"ಗುರ್ತಿಲ್ಲದ ಊರಾಗ ಒಬ್ಬಾಕಿನ ಬಿಟ್ಟು ಹೋಗು ಅಂತೀಯೇನು?"

"ಹೋಗ್ರಿ ಅಂದ್ನಲ್ರಿ."

ಉಜ್ಜಿನಪ್ಪನಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ಉಗುಳಲೂ ಆಗದು, ನುಂಗಲೂ ಆಗದು. ಅಷ್ಟರಲ್ಲಿ ಗುಂಪಿನಿಂದ ಅನ್ನದಾನಮ್ಮ ಈಚೆಗೆ ಬಂದಳು. ಬಂದವಳು ಕಟ್ಟೆಯ ಮೇಲೆ ಹುಲುಗಮ್ಮನ ಪಕ್ಕದಲ್ಲಿ ಕುಳಿತಳು. ಕ್ಯಾರಿಯರು ಛತ್ರದಲ್ಲೇ ಉಳಿದಿತ್ತು.

"ನಾನೂ ಇಲ್ಲೇ ಕುಂದ್ರತೀನಿ," ಎಂದಳು.

"ಅಕ್ಕಾರ, ನೀವೂ ಹಿಂಗಂದ್ರ..."

"ಟೂರು ಯಾರದು? ನಿಂದಲ್ಲೇನು? ನೀನ ಹೊರು ಉಜ್ಜಿನಪ್ಪ. ಎತ್ತರನೂ ಅದೀಯ, ಎಲ್ಲಾರಿಗೂ ಕಾಣ್ತೈತಿ."

ಯಾರೋ ಕಿಸಕ್ಕನೆ ನಕ್ಕರು. ಉಜ್ಜಿನಪ್ಪ ಓಬಳೇಶಪ್ಪನನ್ನು ನೋಡಿದ. "ನಾನು ಒಲಿ ಮುಂದಿನವ್ನಪ್ಪ, ನನ್ನ ನೋಡಬ್ಯಾಡ," ಎಂದು ಓಬಳೇಶಪ್ಪ ಆಗಲೇ ಒಂದು ಹೆಜ್ಜೆ ಹಿಂದೆ ಸರಿದಿದ್ದ. ಉಳಿದ ಗಂಡಸರು ಒಬ್ಬೊಬ್ಬರಾಗಿ ಆಕಾಶ ನೋಡತೊಡಗಿದರು. ಅನ್ನದಾನಮ್ಮ ಉಜ್ಜಿನಪ್ಪನ ಅಂಗಡಿಯ ದೊಡ್ಡ ಗಿರಾಕಿ ಎಂಬುದೂ, ಅವಳ ನಾಲಿಗೆ ಎಂಥದ್ದು ಎಂಬುದೂ ಅವನಿಗೆ ನೆನಪಿತ್ತು.

"ಸಿಂಬಿ ಕೊಡು ಹಂಗಾರ," ಎಂದ ಹುಲುಗಮ್ಮನ ಕಡೆ ಕೈ ಚಾಚಿ.

"ಮನ್ಯಾಗ ಗೂಟಕ್ಕ ಐತ್ರಿ," ಎಂದಳು ಅವಳು.

ಕಿವಿಗೆ ಸುತ್ತಿದ್ದ ಟವೆಲನ್ನೇ ಸುರುಳಿ ಮಾಡಿ ಉಜ್ಜಿನಪ್ಪ ನೆತ್ತಿಗಿಟ್ಟುಕೊಂಡ. ಇಬ್ಬರು ಸೇರಿ ಬತ್ತಿ ಏರಿಸಿದರು. ಎರಡೂ ಕೈಯಲ್ಲಿ ಅದನ್ನು ಹಿಡಿದು, ಹಾವು ಮೈಮೇಲೆ ಹರಿದವನಂತೆ ಅವನು ಒಂದೊಂದೇ ಹೆಜ್ಜೆ ಇಟ್ಟ. ಓಣಿಯ ಮನೆಗಳ ಬಾಗಿಲಿಗೆ ಬಂದಿದ್ದ ಮಂದಿ, ಮೋಂಬತ್ತಿ ಹಿಡಿದ ಹೆಂಗಸರು, ಇದು ಯಾವ ಊರಿನ ಯಾವ ಸಂಪ್ರದಾಯವೋ ಎಂದು ಗೌರವದಿಂದ ದಾರಿ ಬಿಟ್ಟರು. ಅವನ ಹಿಂದೆ ನಲವತ್ತು ಮಂದಿ. ಆ ಸಾಲಿನ ಕೊನೆಗೆ ಹುಲುಗಮ್ಮ ಮತ್ತು ಅನ್ನದಾನಮ್ಮ.

ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ಹಿಂದೆ ನಡೆಯುವುದು ಹುಲುಗಮ್ಮನಿಗೆ ಹೊಸದು. ಎದುರಿಗೆ ಮಂದಿಯ ಬೆನ್ನುಗಳು, ಅವರ ತಲೆಗಳ ಸುತ್ತ ಬೆಳಕಿನ ಅಂಚು, ನೆಲದ ಮೇಲೆ ತಮ್ಮತ್ತ ಚಾಚಿ ಬರುವ ನೆರಳುಗಳು. ಹೊರಳಿ ನೋಡಿದಳು. ತನ್ನದೂ ಒಂದು ನೆರಳಿತ್ತು, ಹಿಂದಕ್ಕೆ ಉದ್ದಕ್ಕೆ ಓಣಿಯ ತುಂಬ ಬಿದ್ದಿತ್ತು. ಬತ್ತಿ ಹೊತ್ತಾಗ ಅದು ಪಾದದ ಬುಡದಲ್ಲಿ ಮುದುಡಿಕೊಂಡು ಬಿದ್ದಿರುತ್ತಿತ್ತು.

"ಚೆಂದ ಐತಲ್ರಿ ಇದು," ಎಂದಳು ಮೆಲ್ಲಗೆ.

"ಚೆಂದ ಐತಿ," ಎಂದಳು ಅನ್ನದಾನಮ್ಮ.

ಇಗರ್ಜಿಯ ಅಂಗಳ ಮುಟ್ಟಿದಾಗಲೂ ಕತ್ತಲೆಯೇ. ಒಳಗೆ ಮೋಂಬತ್ತಿಗಳ ಬೆಳಕಿನಲ್ಲಿ ಯಾರೋ ಹಾಡು ಅಭ್ಯಾಸ ಮಾಡುತ್ತಿದ್ದರು. ಮಂದಿ ಉಸಿರು ಬಿಟ್ಟು ಅಲ್ಲಲ್ಲಿ ನಿಂತರು, ಕರೆಂಟು ಬರದಿದ್ದರೆ ಬಂದದ್ದೇ ದಂಡ ಎಂದು ಗೊಣಗಿದರು. ಆಗ ಬಂತು. ಒಂದೇ ಏಟಿಗೆ ಗೋಪುರ, ಕಮಾನು, ಮರ, ಗೋಡೆ ಎಲ್ಲವೂ ಹೊತ್ತಿಕೊಂಡವು. ನಲವತ್ತು ಬಾಯಿಗಳಿಂದ ಒಂದೇ ಉದ್ಗಾರ ಹೊರಟಿತು. ನಲವತ್ತು ತಲೆಗಳು ಹಿಂದಕ್ಕೆ ಬಾಗಿದವು.

ಹುಲುಗಮ್ಮನ ತಲೆ ಬಾಗಲಿಲ್ಲ.

ಅವಳು ಮತ್ತೊಮ್ಮೆ ಯತ್ನಿಸಿದಳು. ಕತ್ತು ಎದುರಿನ ಗೋಡೆಯಷ್ಟಕ್ಕೆ ಏರಿ ಅಲ್ಲಿಗೇ ಕೀಲು ಬಿಗಿದಂತೆ ನಿಂತಿತು. ಮೇಲಿನಿಂದ ಇಳಿದ ಬಣ್ಣದ ಬೆಳಕು ಅಂಗಳದ ಮರಳಿನ ಮೇಲೆ, ಮಂದಿಯ ಹೆಗಲ ಮೇಲೆ ಬಿದ್ದಿತ್ತು. ಅದು ಎಲ್ಲಿಂದ ಬೀಳುತ್ತಿದೆಯೋ ಅದು ಕಾಣಲಿಲ್ಲ. ಇಷ್ಟು ವರ್ಷಗಳಲ್ಲಿ ಮೇಲೆ ನೋಡು ಎಂದು ಆ ಕತ್ತಿಗೆ ಯಾರೂ ಹೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಇಲ್ಲಿಯತನಕ ಬಂದೂ ಮತ್ತೆ ಮಂದಿಯನ್ನೇ ಕೇಳಿ ತಿಳಿದುಕೊಳ್ಳಬೇಕೇ ಎಂದು ದುಃಖ ಒತ್ತರಿಸಿ ಬಂತು.

"ಯಾಕ?" ಎಂದಳು ಅನ್ನದಾನಮ್ಮ.

"ಗೋಣು ಏಳವಲ್ದ್ರಿ."

ಹುಲುಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲೂರಿ, ಅಂಗಳದ ಮರಳಿನ ಮೇಲೆ ಅಂಗಾತ ಮಲಗಿಬಿಟ್ಟಳು.

ಸುತ್ತಲಿನವರು ಗಾಬರಿಯಾದರು. "ಹುಲುಗಿ, ಏಳು, ಕೊಟ್ಟೂರಿನ ಮಾನ ಕಳೀಬ್ಯಾಡ," ಎಂದರು ಒಬ್ಬರು. ಮೇಣದ ಬತ್ತಿಯೊಂದನ್ನು ಹಿಡಿದು ಬಂದ ಆ ಊರಿನ ಹೆಂಗಸೊಬ್ಬಳು ಬಗ್ಗಿ, "ಎಂತ ಆಯ್ತು ಇವರಿಗೆ? ಹುಷಾರಿಲ್ವಾ? ನೀರು ತರಬೇಕಾ?" ಎಂದು ಕೇಳಿದಳು.

"ಏನೂ ಆಗಿಲ್ರಿ ತಾಯಿ," ಎಂದಳು ಅನ್ನದಾನಮ್ಮ. "ದೀಪ ನೋಡಾಕತ್ಯಾಳ."

ಹೇಳಿ, ತಾನೂ ಮಂಡಿ ಹಿಡಿದುಕೊಂಡು ಕೆಳಗೆ ಕುಳಿತಳು. ಹೊದ್ದಿದ್ದ ಶಾಲನ್ನು ತೆಗೆದು ಮಡಿಸಿದಳು. "ತಲಿ ಎತ್ತು ಹುಲುಗವ್ವ," ಎಂದಳು. ಅಲ್ಲಿಯತನಕ ಅವಳ ಬಾಯಲ್ಲಿ ಹುಲುಗಿ ಎಂದಷ್ಟೇ ಇದ್ದ ಹೆಸರು ಅದು. ಹುಲುಗಮ್ಮ ತಲೆ ಎತ್ತಿದಳು. ಶಾಲು ಅದರ ಕೆಳಗೆ ಬಂತು.

ಗೋಪುರ ಅವಳ ಕಣ್ಣಿನ ನೇರಕ್ಕೆ ಏರಿ ಹೋಗಿತ್ತು, ಅಂಚಂಚಿಗೂ ದೀಪ. ತೆಂಗಿನ ಮರಗಳ ನಡುವೆ ಕಟ್ಟಿದ ಹಗ್ಗಗಳಿಗೆ ಸಾಲುಸಾಲು ನಕ್ಷತ್ರ, ಬಿಳಿಯದು, ಕೆಂಪನೆಯದು, ಬಾಲವಿದ್ದದ್ದು, ಬಾಲವಿಲ್ಲದ್ದು. ಅವುಗಳ ಆಚೆಗೆ ನಿಜವಾದವೂ ಇದ್ದವು, ಸಣ್ಣವು. ಯಾವುದನ್ನೂ ಯಾರೂ ಹೊತ್ತಿರಲಿಲ್ಲ. ಗಾಳೆಪ್ಪ ಸುಳ್ಳು ಹೇಳಿರಲಿಲ್ಲ. ಕಣ್ಣಿನಿಂದ ನೀರು ಎರಡೂ ಕಡೆ ಕಿವಿಗೆ ಇಳಿಯಿತು, ಅವಳು ಒರೆಸಿಕೊಳ್ಳಲು ಹೋಗಲಿಲ್ಲ.

"ನನ್ನ ಮೆರವಣಿಗ್ಯಾಗ ಇಷ್ಟು ಬೆಳಕು ಇತ್ತೇನು?" ಎಂದು ಅನ್ನದಾನಮ್ಮ ಕೇಳಿದಳು, ಕತ್ತೆತ್ತಿ ನೋಡುತ್ತ.

"ಇದ್ದೀತ್ರಿ. ಇಬ್ರೂ ನೋಡಿಲ್ಲ."

ಅಂಗಳದ ನಡುವಿನಿಂದ ಉಜ್ಜಿನಪ್ಪನ ದನಿ ಬಂತು. ಇಷ್ಟು ಬೆಳಕಿನ ನಡುವೆ ಅವನ ತಲೆಯ ಮೇಲೆ ಗ್ಯಾಸ್‌ಬತ್ತಿ ಇನ್ನೂ ಬುಸುಗುಡುತ್ತಿತ್ತು. ಸುತ್ತ ನಿಂತವರೆಲ್ಲ ಬಾಯಿ ತೆರೆದು ಮೇಲೆ ನೋಡುತ್ತಿದ್ದರು. ಅವನೊಬ್ಬನೇ ಕತ್ತು ನೆಟ್ಟಗೆ ಮಾಡಿಕೊಂಡು ಗೋಡೆ ನೋಡುತ್ತ ನಿಂತಿದ್ದ.

"ಯಾರರ ಇಳಸ್ರಪ್ಪ ಇದನ್ನ."

ಯಾರೂ ತಿರುಗಲಿಲ್ಲ. ಅವನು ಮತ್ತೆ ಕೂಗಿದ. ಹುಲುಗಮ್ಮನ ಕಾಲುಗಳು ಏಳಲೆಂದು ಒಮ್ಮೆ ಅಲುಗಿದವು. ಆ ಕೂಗು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಅಲ್ಲಿ ಯಾರಿದ್ದರು? ಆದರೆ ಅವಳು ನಕ್ಷತ್ರಗಳ ಮೇಲಿಟ್ಟ ಕಣ್ಣು ತೆಗೆಯಲಿಲ್ಲ.

"ತಡೀರಿ ಸಾವ್ಕಾರ್ರ," ಎಂದಳು, ಮಲಗಿದಲ್ಲಿಂದಲೇ. "ಇನ್ನೂ ಹೆಣ್ಣು ಗಂಡು ಒಳಗ ಹೋಗಿಲ್ಲ."

ಅನ್ನದಾನಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಮೈಯೆಲ್ಲ ಕುಲುಕುವಂತೆ ನಕ್ಕಳು. ಸಮುದ್ರದ ಕಡೆಯಿಂದ ಗಾಳಿ ಬಂದು ನಕ್ಷತ್ರಗಳೆಲ್ಲ ಒಟ್ಟಿಗೆ ಓಲಾಡಿದವು. ಹುಲುಗಮ್ಮನ ಬಲಗೈ ತಟ್ಟನೆ ನೆತ್ತಿಯ ಕಡೆಗೆ ಎದ್ದಿತು. ಅನ್ನದಾನಮ್ಮ ಅದನ್ನು ನಡುದಾರಿಯಲ್ಲೇ ಹಿಡಿದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.